ಕಹಿಮರಕ್ಕೆ ಅಳತೆ ಕೊಟ್ಟಿದ್ದು

ನಾನು ಮರಕ್ಕೆ ಒರಗಿ ನಿಲ್ಲುವುದಿಲ್ಲ. ನನ್ನ ಹಲವು ವಿಚಿತ್ರ ಅಭ್ಯಾಸಗಳಲ್ಲಿ ಇದು ತೀರ ಇತ್ತೀಚಿನದು. ಮೊನ್ನೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹೊರಗೆ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದೆವು. ನಮ್ಮ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಶೈಲಾ ಬೇವಿನ ಮರಕ್ಕೆ ಬೆನ್ನು ಕೊಟ್ಟು ಆರಾಮವಾಗಿ ಮಂಡಕ್ಕಿ ತಿನ್ನುತ್ತಿದ್ದಳು. ನಾನು ಕಾಂಡದಿಂದ ಒಂದು ಮಾರು ದೂರದಲ್ಲಿ, ಮುಖ ನೆರಳಿಗೂ ಬೆನ್ನು ಬಿಸಿಲಿಗೂ ಕೊಟ್ಟು ನಿಂತಿದ್ದೆ.

"ಏನ್ರಿ ಸುಜಾತಾ ಮೇಡಮ್ಮರ, ಮರದಾಗ ಇರುವಿ ಅದಾವೇನು?" ಎಂದಳು.

"ಇಲ್ಲ."

"ಮತ್ತ ದೆವ್ವ ಐತೇನು?"

ದೆವ್ವ ಎಂಬ ಪದ ಕಿವಿಗೆ ಬಿದ್ದರೆ ನಾನು ಸಾಮಾನ್ಯವಾಗಿ ಒಂದು ಪೀರಿಯಡ್ ಮಾತಾಡುವವಳು. ದೆವ್ವ ಕಂಡವರ ಸಾಕ್ಷ್ಯ ಯಾಕೆ ಸಾಕ್ಷ್ಯವಲ್ಲ ಎಂಬಲ್ಲಿಂದ ಶುರುವಾಗಿ, ಕೇಳುವವರಿಗೆ ದೆವ್ವವೇ ವಾಸಿ ಅನ್ನಿಸುವ ತನಕ ಬಿಡುವುದಿಲ್ಲ. ಅವತ್ತು ಸುಮ್ಮನಿದ್ದೆ. ಶೈಲಾ ಮಂಡಕ್ಕಿಯ ಪೊಟ್ಟಣ ಮಡಚಿ, ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಜ್ವರ ಇರಲಿಲ್ಲ. ಇದ್ದದ್ದು ಏನು ಎಂದು ಹೇಳಬೇಕಾದರೆ ನಿಮ್ಮನ್ನು ಮಾಗಳಕ್ಕೆ ಕರೆದುಕೊಂಡು ಹೋಗಬೇಕು. ಹಡಗಲಿಯಿಂದ ಬಹಳ ದೂರವೇನಿಲ್ಲ. ತುಂಗಭದ್ರೆಯ ದಂಡೆಯ ಊರು. ಅಲ್ಲಿ ನನ್ನ ತಾಯಿಯ ಅಕ್ಕ, ಶಾಂತವ್ವ ಟೀಚರ್ ಇದ್ದಾಳೆ. ನನಗೆ ದೊಡ್ಡವ್ವ. ಮಕ್ಕಳಿಲ್ಲ, ಹೀಗಾಗಿ ನನ್ನ ಬೇಸಿಗೆ ರಜೆಗಳ ಮೇಲೆ ಅವಳಿಗೆ ಪೂರ್ತಿ ಹಕ್ಕಿತ್ತು.

ವಾದ ಮಾಡುವುದನ್ನು ನನಗೆ ಕಲಿಸಿದವಳು ಅವಳೇ. ಸಂಜೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಾ ಒಂದು ವಿಷಯ ಕೊಡುತ್ತಿದ್ದಳು. ಬೆಕ್ಕು ಮೇಲೋ ನಾಯಿ ಮೇಲೋ. ಹೊಳೆ ದೊಡ್ಡದೋ ಬಾವಿ ದೊಡ್ಡದೋ. ರೊಟ್ಟಿ ಹಂಚಿನ ಮೇಲೆ ಬಿದ್ದಾಗ ನಾನು ಪರ ಮಾತಾಡಬೇಕು. ಅವಳು ರೊಟ್ಟಿಯನ್ನು ತಿರುವಿ ಹಾಕಿದ ಕೂಡಲೇ ನಾನೂ ತಿರುವಿ ಬಿದ್ದು ವಿರೋಧ ಮಾತಾಡಬೇಕು. ಒಂದೇ ಮಗ್ಗುಲು ಬೆಂದ ರೊಟ್ಟಿಯನ್ನು ನಾಯಿಯೂ ಮೂಸುವುದಿಲ್ಲ ಎನ್ನುವುದು ಅವಳ ಮಾತು. ಈ ಒಲೆಯ ಮುಂದಿನ ವಿದ್ಯೆಯಿಂದಲೇ ಮುಂದೆ ನಾನು ಕೊಟ್ಟೂರಿನಲ್ಲಿ ಫಲಕ ಗೆದ್ದೆ, ಹಡಗಲಿಯಲ್ಲಿ ಗೋಡೆ ಗಡಿಯಾರ ಗೆದ್ದೆ. ಹರಪನಹಳ್ಳಿಯ ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು, "ಮಾತೇನೋ ಚೆನ್ನಾಗೈತೆ ಕಣಮ್ಮ, ನಡುವೆ ಒಂದೀಟು ಉಸಿರು ತಗಾ" ಎಂದು ಎರಡನೇ ಬಹುಮಾನ ಕೊಟ್ಟರು. ಆ ಗಾಯ ಇನ್ನೂ ಆರಿಲ್ಲ.

ನಮ್ಮ ಮನೆತನವೂ ಅಂಥದೇ. ಕೂಡ್ಲಿಗಿಯ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕೂತಿದ್ದಾನೆ. ಅವನ ಕೆಳಗೆ ನಮ್ಮಪ್ಪ ಕಣ್ಣು ಬಿಟ್ಟುಕೊಂಡು ಕೂತಿರುತ್ತಾನೆ, ಯಾರಾದರೂ ತಾಯತ ಕಟ್ಟಿಕೊಂಡು ಒಳಗೆ ಬಂದಾರೇನೋ ಎಂದು. ಬೆಕ್ಕು ಅಡ್ಡ ಬಂದರೆ ನಮ್ಮಲ್ಲಿ ಬೆಕ್ಕಿಗೆ ಹಾಲು ಹಾಕುವುದು ರೂಢಿ. ಅವ್ವನ ತವರೂ ಇಂಥದೇ, ಆ ಮನೆಯ ಹಿರಿಮಗಳು ದೊಡ್ಡವ್ವ. ಅದಕ್ಕೇ ಅವ್ವನ ಫೋನು ಬಂದಾಗ ನಾನು ಮೊದಲು ನಂಬಲಿಲ್ಲ.

"ನಿಮ್ಮ ದೊಡ್ಡವ್ವ ಸಕ್ಕರಿ ಗುಳಿಗಿ ಬಿಟ್ಟಾಳಂತಲೇ. ಕಹಿಮರಕ್ಕ ಅಳತಿ ಕೊಟ್ಟಾಳಂತ."

ಕಹಿಮರ ನನಗೆ ಚಿಕ್ಕಂದಿನಿಂದ ಗೊತ್ತು. ಮಾಗಳದ ಹೊರಗೆ, ಹೊಳೆಯ ಹಾದಿಯಲ್ಲಿ, ನೀರಾವರಿ ಕೆಲಸಗಾರರಿಗೆಂದು ಕಟ್ಟಿ ಆಮೇಲೆ ಬಿಟ್ಟುಹೋದ ವಸತಿಮನೆಗಳಿವೆ. ಬಾಗಿಲು, ಕಿಟಕಿ ಯಾವುದೂ ಉಳಿದಿಲ್ಲ. ಅವುಗಳ ನಡುವೆ ಸುಣ್ಣ ಬಳಿದ ಕಲ್ಲುಗಳ ಒಂದು ಸುತ್ತು. ಆ ಸುತ್ತಿನೊಳಗೆ ಈ ಮರ. ಯಾರೋ ಎಂಜಿನಿಯರ್ ಎಲ್ಲಿಂದಲೋ ಸಸಿ ತಂದು ಹಚ್ಚಿದ್ದರಂತೆ. ಚಿಕ್ಕವಳಿದ್ದಾಗ ಅದರ ಕಾಯಿಗಳೊಂದಿಗೆ ಆಡಿದ್ದೇನೆ: ಕಟ್ಟಿಗೆಯಂಥ ಗುಂಡು ಕಾಯಿ, ಒಣಗಿದಾಗ ಹೋಳುಹೋಳಾಗಿ ಬಾಯಿ ಬಿಡುತ್ತದೆ. ಜೀವಶಾಸ್ತ್ರ ಓದಿ ಬಂದ ಮೇಲೆ ಗುರುತಿಸಿದೆ. ಆಫ್ರಿಕನ್ ಮಹಾಗನಿ, ಶಾಸ್ತ್ರದ ಹೆಸರು ಖಾಯಾ. ಈಗ ನಮ್ಮ ಕಡೆ ಹೊಲದ ಬದುವಿಗೆ ಹಚ್ಚುತ್ತಿರುವ ಮಹಾಗನಿಗೆ ದೂರದ ನೆಂಟ, ನಮ್ಮ ಬೇವಿಗೂ ಕುಲಬಾಂಧವ. ತೊಗಟೆ ಹೊರಗೆ ಬೂದಿ ಬಣ್ಣದ ಚಕ್ಕೆ, ಒಳಗೆ ಹಸಿಮಾಂಸದ ಕೆಂಪು. ಎಷ್ಟು ಕಹಿ ಎಂದರೆ ಅದರ ಮುಂದೆ ಬೇವು ಕೂಡ ಬೆಲ್ಲ ಅನ್ನಿಸಬೇಕು.

ಹಗರಿಬೊಮ್ಮನಹಳ್ಳಿಯಿಂದ ಹಡಗಲಿಯ ತನಕ ಬಸ್ಸಿನಲ್ಲಿ ಫೋನು ಹಿಡಿದು ಓದಿಯೇ ಓದಿದೆ. ಚರ್ಚಾಸ್ಪರ್ಧೆಯವಳ ಚಟ: ಎದುರಾಳಿಯ ಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಓದಿಕೊಳ್ಳುವುದು. ಪಶ್ಚಿಮ ಆಫ್ರಿಕಾದಲ್ಲಿ ಈ ತೊಗಟೆಯ ಕಷಾಯವನ್ನು ಜ್ವರಕ್ಕೆ, ಮಲೇರಿಯಾಕ್ಕೆ, ಹೊಟ್ಟೆನೋವಿಗೆ, ಜಂತುಹುಳಕ್ಕೆ ತಲೆಮಾರುಗಳಿಂದ ಕುಡಿಯುತ್ತಾರೆ. ಅದರ ಕಹಿಯ ವಸ್ತುಗಳನ್ನು ವಿಜ್ಞಾನಿಗಳು ಬೇರ್ಪಡಿಸಿ ನೋಡಿದ್ದಾರೆ. ಗಾಜಿನ ತಟ್ಟೆಯಲ್ಲಿ ರೋಗಾಣುಗಳ ಮೇಲೆ ಕೆಲಸ ಮಾಡಿದ್ದುಂಟು. ಇಲಿಗಳಲ್ಲಿ ಬಾವು ಇಳಿದದ್ದುಂಟು, ಸಕ್ಕರೆ ಇಳಿದದ್ದೂ ಉಂಟು. ಹಾಗೆಯೇ ಬಹಳ ದಿನ ಕುಡಿಸಿದ ಇಲಿಗಳ ಲಿವರ್ರು, ಕಿಡ್ನಿ ಕೆಟ್ಟದ್ದೂ ಉಂಟು. ಮನುಷ್ಯರಿಗೆ ಇಷ್ಟು ಕುಡಿಸಿದರೆ ಸಕ್ಕರೆ ಕಾಯಿಲೆಗೆ ಗುಣ, ಇಷ್ಟರೊಳಗೆ ಅಪಾಯವಿಲ್ಲ ಎಂದು ಧೈರ್ಯವಾಗಿ ಹೇಳುವಂಥ ಪರೀಕ್ಷೆ ನನಗೆ ಒಂದೂ ಸಿಗಲಿಲ್ಲ. ಹಡಗಲಿ ಇಳಿಯುವ ಹೊತ್ತಿಗೆ ನನ್ನ ವಾದ ಅಚ್ಚುಕಟ್ಟಾಗಿ ಸಿದ್ಧವಾಗಿತ್ತು. ಗೆಲ್ಲುವುದು ಖಾತ್ರಿ ಎಂದುಕೊಂಡೆ.

ದೊಡ್ಡವ್ವ ಒಲೆಯ ಮುಂದೆ ಕೂತಿದ್ದಳು. ಪಾತ್ರೆಯಲ್ಲಿ ಕೆಂಪು ನೀರು ಕುದಿಯುತ್ತಿತ್ತು. ಎಡಗಾಲಿನ ಹೆಬ್ಬೆರಳಿಗೆ ಹಳೆಯ ಸೀರೆಯ ಅಂಚು ಸುತ್ತಿದ್ದಳು. ಬಟ್ಟೆಯಿಂದ ಹೊರಗೆ ಇಣುಕುತ್ತಿದ್ದ ತುದಿ ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತ್ತು.

"ಬಂದ್ಲು ನೋಡು ವಿರೋಧ ಪಕ್ಷ" ಎಂದಳು. "ಕೈಕಾಲು ತೊಳ್ಕೊ. ಆಮ್ಯಾಲ ಶುರು ಮಾಡು."

ನಾನು ಕೈಕಾಲು ತೊಳೆಯದೇ ಶುರು ಮಾಡಿದೆ. ಅವಳು ಕೊನೆಯ ತನಕ ಕೇಳಿದಳು. ಆಮೇಲೆ ಟೀಚರ್ ಧಾಟಿಯಲ್ಲಿ ಒಂದೊಂದೇ ಪ್ರಶ್ನೆ.

"ಆಫ್ರಿಕಾದ ಮಂದಿ ಕುಡೀತಾರೋ ಇಲ್ಲೋ?"

"ಕುಡೀತಾರ. ಆದ್ರ..."

"ಆದ್ರ ಆಮ್ಯಾಲ. ಸಂಶೋಧನೆ ಆಗೈತೋ ಇಲ್ಲೋ?"

"ಆಗೈತಿ. ಇಲಿ ಮ್ಯಾಲ."

"ಇಲಿಗಳ ಸಕ್ಕರಿ ಇಳೀತೋ ಇಲ್ಲೋ?"

"ಕೆಲವು ಕಡೆ ಇಳೀತು. ಆದ್ರ ಬಾಳ ದಿನ ಕೊಟ್ಟಾಗ ಅವುಗಳ ಕಿಡ್ನಿ ಕೆಟ್ಟಾವ ದೊಡ್ಡವ್ವ!"

"ನಾ ಏನ್ ಇಲಿ ಏನು?"

ಸಕ್ಕರೆ ಇಳಿಯುವಾಗ ಇಲಿಯ ಸಾಕ್ಷ್ಯ ನಡೆಯುತ್ತದೆ, ಕಿಡ್ನಿ ಕೆಡುವಾಗ ನಡೆಯುವುದಿಲ್ಲ! ಈ ಅನ್ಯಾಯವನ್ನು ಎತ್ತಿ ತೋರಿಸಬೇಕೆಂದು ಬಾಯಿ ತೆರೆದೆ. ಅವಳು ಕೆಂಪು ನೀರನ್ನು ಲೋಟಕ್ಕೆ ಬಸಿದು, ಕಣ್ಣು ಮುಚ್ಚಿ ಒಂದೇ ಗುಕ್ಕಿಗೆ ಕುಡಿದಳು. ಮುಖ ಒಂದು ಕ್ಷಣ ಗುರುತು ಸಿಗದಷ್ಟು ಮುದುಡಿತು.

"ನಿಮ್ಮ ದೊಡ್ಡಪ್ಪ ಡಬ್ಬಿಗಟ್ಟಲೆ ಗುಳಿಗಿ ನುಂಗಿ ಹೋದ್ರು. ಅವಾಗ ನಿನ್ನ ಸಂಶೋಧನೆ ಎಲ್ಲಿ ಹೋಗಿತ್ತು?" ಎಂದಳು. "ನಾಳಿ ಮುಂಜಾನಿ ಬಾ. ತೋರಸ್ತೀನಿ."

ಅಳತೆ ಕೊಡುವುದು ಅಂದರೆ ಏನೆಂದು ನಾನು ಸರಿಯಾಗಿ ಕಂಡದ್ದು ಆ ಮುಂಜಾನೆ. ಹೊಳೆಯ ಮಂಜು ಆ ಹಾಳು ಮನೆಗಳ ಬಾಗಿಲಿಲ್ಲದ ಬಾಗಿಲುಗಳಲ್ಲಿ ಒಳಹೊರಗೆ ಓಡಾಡುತ್ತಿತ್ತು. ಕಲ್ಲಿನ ಸುತ್ತಿನ ಹೊರಗೆ ಕೊಟ್ರೇಶಿಯ ಚಹಾದಂಗಡಿ. ತೊಗಟೆ ಕೀಳುವವನೂ ಅವನೇ. ಅದಕ್ಕೆ ಒಂದು ಪೈಸೆ ಮುಟ್ಟುವುದಿಲ್ಲ. ಅವನ ಬಾಯಿ ನನ್ನದಕ್ಕೇನೂ ಕಡಿಮೆಯಿಲ್ಲ.

"ಓಹೋ, ಟೀಚರಮ್ಮನ ತಂಗಿ ಮಗಳು! ಕಲ್ಲಿನ ಈಚಿ ಕಡಿ ಎಷ್ಟು ಬೇಕಾದ್ರೂ ಮಾತಾಡವ್ವ. ಆಚಿ ಕಡಿ ಹೋದ ಮ್ಯಾಲ ತುಟಿ ಪಿಟಕ್ ಅನ್ನಂಗಿಲ್ಲ."

"ಅಂದ್ರ ಏನಾಗ್ತೈತಿ?"

"ಅಳತಿ ಸುಳ್ಳಾಗ್ತೈತಿ. ಮತ್ತೊಮ್ಮೆ ಕೊಡಾಕ ಬರಂಗಿಲ್ಲ."

ನಿಯಮ ಇಷ್ಟು. ರೋಗಿ ಮರಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲಬೇಕು. ಜೊತೆಗೆ ಬಂದವರು ಬೇನೆ ಎಲ್ಲಿದೆಯೋ ಆ ಎತ್ತರಕ್ಕೆ ಪಕ್ಕದಲ್ಲಿ ತೊಗಟೆಯ ಮೇಲೆ ಅಂಗೈ ಇಡಬೇಕು. ಕೊಟ್ರೇಶಿ ಅಲ್ಲಿ ಅಂಗೈಯಷ್ಟು ತೊಗಟೆ ಕೀಳುತ್ತಾನೆ. ತಲೆನೋವಿಗೆ ತಲೆಯ ಎತ್ತರ, ಮೊಣಕಾಲಿಗೆ ಮೊಣಕಾಲಿನ ಎತ್ತರ. ಸಕ್ಕರೆ ಕಾಯಿಲೆ ಮೈತುಂಬ ಇರುತ್ತದಲ್ಲ, ಎಲ್ಲಿ ಅಳೆಯುವುದು? ಅದಕ್ಕೂ ಊರವರು ಕೂತು ತೀರ್ಮಾನ ಮಾಡಿದ್ದಾರೆ: ಹೊಕ್ಕುಳ. ಕಿತ್ತ ಮೇಲೆ ರೋಗಿ ಹಿಂತಿರುಗಿ ನೋಡದೆ ಕಲ್ಲು ದಾಟಿ ಬರಬೇಕು. ಮರದ ಗಾಯ ಮುಚ್ಚುವ ತನಕ ಆ ತೊಗಟೆಯೊಂದೇ ಮದ್ದು. ಆ ಬೇನೆಗೆ ಬೇರೆ ಮದ್ದು ಮುಟ್ಟಬಾರದು. ಗಾಯ ಮುಚ್ಚಿದ ದಿನ ಬೇನೆಯೂ ಮುಚ್ಚುತ್ತದೆ.

ನಾನು ಕಲ್ಲು ದಾಟಿ ಒಳಗೆ ಹೋದೆ. ಮಾತಿಲ್ಲದೆ ಮರವನ್ನು ಸುತ್ತಿದೆ. ನೀವು ನಂಬಬೇಕು, ಅದು ಮರದ ಹಾಗೆ ಕಾಣಲಿಲ್ಲ. ಮೇಲೆ ಹಣೆಯ ಎತ್ತರದಲ್ಲಿ ಅಲ್ಲೊಂದು ಇಲ್ಲೊಂದು ಗಾಯ. ಎದೆಯ ಎತ್ತರದಲ್ಲಿ ಕೆಲವು. ಮೊಣಕಾಲಿನ ಎತ್ತರದಲ್ಲಿ ಬಹಳ. ನನ್ನ ತೊಡೆಗೂ ಬಾರದ ಎತ್ತರದಲ್ಲಿ ಒಂದಿತ್ತು. ಅದು ಯಾರದೋ ಮಗುವಿನ ಹೊಟ್ಟೆ. ಹಳೆಯ ಗಾಯಗಳ ಅಂಚು ತುಟಿಯಂತೆ ಉಬ್ಬಿ ಒಳಗೆ ಮಡಚಿಕೊಂಡಿತ್ತು. ಹೊಸವುಗಳಿಂದ ಇಳಿದ ಕೆಂಪು ರಸ ಕಪ್ಪಗೆ ಗಟ್ಟಿಯಾಗಿತ್ತು. ಇಡೀ ಊರು ಸಾಲಾಗಿ ಬಂದು, ಬೆನ್ನು ಕೊಟ್ಟು, ಒಬ್ಬೊಬ್ಬರೇ ಹಿಮ್ಮುಖವಾಗಿ ಮರದೊಳಗೆ ಹೊಕ್ಕುಬಿಟ್ಟಿದೆ, ನೋವಿದ್ದ ಜಾಗವಷ್ಟೇ ಹೊರಗೆ ಉಳಿದಿದೆ ಅನ್ನಿಸಿತು. ಹೊಕ್ಕುಳದ ಎತ್ತರಕ್ಕಂತೂ ಗಾಯಕ್ಕೆ ಗಾಯ ಸೇರಿ ಮರದ ನಡುವಿಗೆ ಪಟ್ಟಿ ಕಟ್ಟಿದಂತಾಗಿತ್ತು. ನಮ್ಮ ತಾಲೂಕಿನಲ್ಲಿ ಸಕ್ಕರೆ ಇಲ್ಲದ ಮನೆ ಯಾವುದಿದೆ?

ದೊಡ್ಡವ್ವ ನನ್ನ ಮೊಣಕೈ ಹಿಡಿದು ಮರದ ಇನ್ನೊಂದು ಮಗ್ಗುಲಿಗೆ ಕರೆದೊಯ್ದಳು. ಮೊಣಕಾಲಿನ ಎತ್ತರದ ಒಂದು ಗಾಯದ ಮುಂದೆ ನಿಂತಳು. ಅದು ಪೂರ್ತಿ ಮುಚ್ಚಿತ್ತು. ನಡುವೆ ಒಂದು ಸಣ್ಣ ಗೆರೆಯಷ್ಟೇ. ಅವಳು ಬಗ್ಗಿ ಅದನ್ನು ಸೆರಗಿನಿಂದ ಒರೆಸಿದಳು, ಮನೆಯಲ್ಲಿ ಕನ್ನಡಕ ಒರೆಸುವ ಹಾಗೆ. ಕಲ್ಲು ದಾಟಿ ಹೊರಗೆ ಬಂದ ಮೇಲೆ ಹೇಳಿದಳು:

"ಅದು ನಿಮ್ಮ ದೊಡ್ಡಪ್ಪ."

ದೊಡ್ಡಪ್ಪ ಹೋಗುವ ಮುಂಚೆ ಮೊಣಕಾಲು ನೋವಿಗೆಂದು, ಗೆಳೆಯರ ಒತ್ತಾಯಕ್ಕೆ ನಗುತ್ತಲೇ ಅಳತೆ ಕೊಟ್ಟಿದ್ದನಂತೆ. ಸತ್ತದ್ದು ಹೃದಯದ ಕಾಯಿಲೆಯಿಂದ.

"ಅವ್ರು ಮಣ್ಣಾದ ಮ್ಯಾಲ ಗಾಯ ಮುಚ್ಚಿತು" ಎಂದಳು ದೊಡ್ಡವ್ವ. "ಈಗ ಮೊಣಕಾಲು ನೋಯಂಗಿಲ್ಲ ಅವ್ರಿಗೆ."

"ದೊಡ್ಡವ್ವ, ಮನಿಶ್ಯಾ ಇದ್ರೂ ಸತ್ರೂ ತೊಗಟಿ ತನ್ನ ಪಾಡಿಗೆ ತಾನು ಬೆಳೀತೈತಿ. ಇದರಿಂದ ಏನ್ ಸಿದ್ಧ ಆತು?"

"ಏನೂ ಆಗಿಲ್ಲ. ನಾ ಸಿದ್ಧ ಮಾಡಾಕ ಬರಂಗಿಲ್ಲ ಇಲ್ಲಿಗೆ. ನೋಡಾಕ ಬರ್ತೀನಿ."

ಅವತ್ತೇ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹಡಗಲಿಯ ದವಾಖಾನೆಗೆ ಹೋದೆ. ನರ್ಸು ಬೆರಳು ಚುಚ್ಚಿ, ಯಂತ್ರದ ಅಂಕಿ ನೋಡಿ, ಇನ್ನೊಂದು ಬೆರಳು ಚುಚ್ಚಿದಳು. ಡಾಕ್ಟರು ಕಾಲಿನ ಬಟ್ಟೆ ಬಿಚ್ಚಿಸಿದರು.

"ಇವತ್ತಿಂದ್ಲೇ ಮದ್ದು ಶುರು ಮಾಡಿದ್ರ ಬೆರಳು ಉಳೀಬಹುದು ಟೀಚರ್ರ. ತಡಾ ಮಾಡಿದ್ರ ಪಾದದ ಮಾತು. ಇನ್ನೂ ತಡಾ ಮಾಡಿದ್ರ ಜೀವದ ಮಾತು."

ಮದ್ದಿನ ಚೀಲ ಹಿಡಿದು ಬಸ್ಸಿನಲ್ಲಿ ಕೂತೆವು. ದಾರಿಯ ಎರಡೂ ಕಡೆ ಮಲ್ಲಿಗೆ ತೋಟ. ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತಾ, "ನಾ ತಗೊಳ್ಳಂಗಿಲ್ಲ" ಎಂದಳು.

ನಾನು ಕೂಗಾಡಿದೆ. ಮುಂದಿನ ಸೀಟಿನವರು ಹಿಂತಿರುಗಿ ನೋಡುವಷ್ಟು. ಅವಳು ನನ್ನ ಉಸಿರು ಮುಗಿಯುವ ತನಕ ಕಾದಳು.

"ಅಳತಿ ಕೊಟ್ಟ ಮ್ಯಾಲ ನಡುವ ಬ್ಯಾರೆ ಮದ್ದು ತಗೊಂಡ್ರ ಮರ ಬ್ಯಾನಿ ವಾಪಸ್ ಕೊಡ್ತೈತಿ. ಕೊಟ್ಟೋರಿಗೆ ಅಲ್ಲ. ಆ ರಕ್ತದಾಗ ಎಲ್ಲಾರಕಿಂತ ಸಣ್ಣೋರು ಯಾರಿರ್ತಾರ, ಅವ್ರಿಗೆ."

ನಮ್ಮ ಕುಲದಲ್ಲಿ ಎಲ್ಲರಿಗಿಂತ ಸಣ್ಣವಳು ನಾನು.

"ನೀ ಇದನ್ನ ನಂಬ್ತಿಯೇನು?" ಎಂದು ಕೇಳಿದೆ.

"ಅರ್ಧ."

"ಉಳಿದರ್ಧ?"

"ಉಳಿದರ್ಧಕ್ಕ ನಿನ್ನ ಪಣಕ್ಕ ಇಡ್ಲೇನು?"

ಎಷ್ಟೋ ವೇದಿಕೆ ಹತ್ತಿ ಇಳಿದವಳು ನಾನು. ಈ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೊಡುವ ಪಕ್ಷ ಯಾವುದು, ನೀವೇ ಹೇಳಿ. ಅವಳು ಮೂಢಳಾಗಿದ್ದರೆ ಜಗಳವಾಡಬಹುದಿತ್ತು. ಅವಳು ಲೆಕ್ಕ ಹಾಕಿದ್ದಳು: ತನ್ನ ಬೆರಳು ಒಂದು ತಟ್ಟೆಯಲ್ಲಿ, ನಾನು ಒಂದು ತಟ್ಟೆಯಲ್ಲಿ. ತಕ್ಕಡಿ ತಪ್ಪಾಗಿತ್ತು, ಆದರೆ ತೂಗಿದ ಕೈ ತಪ್ಪಾಗಿರಲಿಲ್ಲ.

ಬಸ್ಸು ಇಳಿದವಳೇ ನೆಟ್ಟಗೆ ಕೊಟ್ರೇಶಿಯ ಅಂಗಡಿಗೆ ಹೋದೆ. ಇದರಿಂದ ಬಿಡಿಸಿಕೊಳ್ಳುವ ದಾರಿ ಏನು ಎಂದು ಕೇಳಿದೆ. ದಾರಿ ಇಲ್ಲದ ನಂಬಿಕೆ ಇರುವುದಿಲ್ಲ. ಸಂದು ಹುಡುಕುವುದು ಚರ್ಚೆಯಲ್ಲಿ ನಾನು ಕಲಿತ ಮೊದಲ ಪಾಠ.

"ಬದ್ಲಿ ಐತಿ" ಎಂದ ಅವನು ಚಹಾ ಸೋಸುತ್ತಾ. "ಆ ಸಣ್ಣೋರೇ ಬಂದು ಅದೇ ಬ್ಯಾನಿ ಎತ್ತರಕ್ಕ ತಾವಾಗೇ ಅಳತಿ ಕೊಟ್ರ, ಮರ ಇಬ್ರನ್ನೂ ಬಿಡ್ತೈತಿ. ಆಮ್ಯಾಲ ಏನು ಮದ್ದು ಬೇಕಾದ್ರೂ ತಗೋಬಹುದು. ಆದ್ರ ನಿನ್ನ ಕೈಲಿ ಆಗಂಗಿಲ್ಲ ಬಿಡವ್ವ."

"ಯಾಕ?"

"ಮಾತಾಡಂಗಿಲ್ಲಲ್ಲ!" ಎಂದು ಅವನು ನಕ್ಕ. ಬೆಂಚಿನ ಮೇಲಿದ್ದವರೂ ನಕ್ಕರು. ನಾನೂ ನಕ್ಕೆ. ನಂಬದವಳಿಗೆ ಇದರಲ್ಲಿ ನಷ್ಟ ಏನಿದೆ? ಒಂದು ಮುಂಜಾನೆ, ಒಂದು ಚೂರು ತೊಗಟೆ. ದೊಡ್ಡವ್ವನ ಕಾಲು ಉಳಿಯುತ್ತದೆ.

ಅವಳನ್ನು ಒಪ್ಪಿಸುವುದು ಕಷ್ಟವಾಯಿತು. "ನಂಬಂಗಿಲ್ಲ ಅಂತೀನಿ, ಅಂದ ಮ್ಯಾಲ ನನಗೇನ್ ಹೆದರಿಕಿ?" ಎಂದು ಹಟ ಹಿಡಿದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, "ಬಂದು ನಿಂತ್ರ ಗೊತ್ತಾಗ್ತೈತಿ" ಎಂದಳು.

ಮರುದಿನ ಮುಂಜಾನೆ ಮಂಜು ಇನ್ನೂ ದಟ್ಟವಾಗಿತ್ತು. ಮೂವರೂ ಕಲ್ಲು ದಾಟಿದೆವು: ದೊಡ್ಡವ್ವ ಕುಂಟುತ್ತಾ, ನಾನು, ಹಿಂದೆ ಕತ್ತಿ ಹಿಡಿದ ಕೊಟ್ರೇಶಿ. ದೊಡ್ಡವ್ವ ನನ್ನ ಭುಜ ಹಿಡಿದು ಮರದ ಸುತ್ತ ನಿಧಾನವಾಗಿ ನಡೆಸಿದಳು, ಹೊಕ್ಕುಳದ ಎತ್ತರಕ್ಕೆ ತೊಗಟೆ ಉಳಿದಿರುವ ಜಾಗ ಹುಡುಕುತ್ತಾ. ಎಲ್ಲೂ ಇರಲಿಲ್ಲ. ಕೊನೆಗೆ ಹೊಳೆಯ ಕಡೆಗೆ ಬಂದೆವು. ಅಲ್ಲಿ, ಎರಡು ಗಾಯಗಳ ನಡುವೆ, ಮೇಲಿನಿಂದ ಕೆಳಗಿನ ತನಕ ತೊಗಟೆಯ ಒಂದೇ ಒಂದು ಪಟ್ಟಿ ಉಳಿದಿತ್ತು. ಒಂದು ಅಂಗೈ ಅಗಲ.

ಅದನ್ನು ಕಂಡು ನಾನು ನಿಂತುಬಿಟ್ಟೆ. ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತೇನೆ: ಬೇರಿನ ನೀರು ಕಟ್ಟಿಗೆಯೊಳಗಿನಿಂದ ಮೇಲೆ ಹೋಗುತ್ತದೆ, ಎಲೆಯಲ್ಲಿ ತಯಾರಾದ ಆಹಾರ ತೊಗಟೆಯೊಳಗಿನಿಂದ ಬೇರಿಗೆ ಇಳಿಯುತ್ತದೆ. ಸುತ್ತಲೂ ತೊಗಟೆ ತೆಗೆದರೆ ಬೇರು ಹಸಿದು ಸಾಯುತ್ತದೆ. ಇಡೀ ಮರದ ಊಟ ಈಗ ಇಳಿಯುತ್ತಿದ್ದದ್ದು ಆ ಒಂದು ಪಟ್ಟಿಯಿಂದ. ಅದು ಹೋದರೆ ಗಾಯದ ಸುತ್ತು ಪೂರ್ತಿ. ಅದನ್ನು ಅಲ್ಲಿ ಬಲ್ಲವಳು ನಾನೊಬ್ಬಳೇ.

ಬಾಯಿ ತೆರೆದೆ.

ದೊಡ್ಡವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳ ಚಪ್ಪಲಿಯ ಆಚೆ ಬಟ್ಟೆ ಸುತ್ತಿದ ಹೆಬ್ಬೆರಳು. ನೇರಳೆ ಬಣ್ಣ ರಾತ್ರಿಯಲ್ಲಿ ಇನ್ನಷ್ಟು ಮೇಲೆ ಹತ್ತಿತ್ತು. ಒಂದು ಪದ ಆಡಿದರೆ ಅಳತೆ ಸುಳ್ಳು. ಮತ್ತೊಮ್ಮೆ ಕೊಡಲು ಬರುವುದಿಲ್ಲ. ಮದ್ದಿನ ಚೀಲ ಮನೆಯ ಗೂಟಕ್ಕೆ ತೂಗಿಕೊಂಡೇ ಇರುತ್ತದೆ.

ಬಾಯಿ ಮುಚ್ಚಿದೆ. ಬೆನ್ನು ಕೊಟ್ಟೆ.

ಮರ ಬೆಚ್ಚಗಿತ್ತು. ಹೊಳೆಯ ಗಾಳಿಯಲ್ಲಿ ನಾವೆಲ್ಲ ನಡುಗುತ್ತಿದ್ದೆವು, ಅದು ಮಾತ್ರ ಮಲಗಿ ಎದ್ದ ಮನುಷ್ಯರ ಮೈಯಷ್ಟು ಬೆಚ್ಚಗಿತ್ತು. ಹಗಲಿನ ಬಿಸಿಲನ್ನು ದಪ್ಪ ಕಾಂಡ ಹಿಡಿದಿಟ್ಟುಕೊಳ್ಳುತ್ತದೆ ಎಂದು ನನಗೆ ನಾನೇ ಒಳಗೊಳಗೆ ಪಾಠ ಹೇಳಿಕೊಂಡೆ. ಗಾಯಗಳ ಉಬ್ಬಿದ ಅಂಚುಗಳು ಬೆನ್ನಿಗೆ, ಮಂಡಿಯ ಹಿಂದಕ್ಕೆ, ಹೆಡತಲೆಗೆ ಒಂದೊಂದಾಗಿ ತಾಗಿದವು. ಜನ ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಒತ್ತುತ್ತಾರಲ್ಲ, ಹಾಗೆ. ದೊಡ್ಡವ್ವನ ಅಂಗೈ ನನ್ನ ನಡುವಿನ ಪಕ್ಕದಲ್ಲಿ ಬಂದು ಕೂತಿತು, ಸರಿಯಿತು. ಕತ್ತಿ ಬಿತ್ತು. ಏಟು ಬಿದ್ದದ್ದು ಮರಕ್ಕೆ. ಕೇಳಿಸಿದ್ದು ನನ್ನ ಹಲ್ಲುಗಳಿಗೆ. ಪಟ್ಟಿ ಸೀಳಿ ಬರುವಾಗ ಬೆನ್ನ ಹಿಂದೆ ಏನೋ ಸಡಿಲಾಯಿತು. ಬಹಳ ಹೊತ್ತು ಹಿಡಿದಿದ್ದ ಉಸಿರನ್ನು ಯಾರೋ ನನ್ನ ಕಿವಿಯ ಹಿಂದೆ ಬಿಟ್ಟಂತೆ. ಗಾಳಿ ಇರಬೇಕು. ಹೊಳೆ ಹತ್ತಿರವೇ ಇತ್ತು.

ಹಿಂತಿರುಗಿ ನೋಡದೆ ಕಲ್ಲು ದಾಟಿದೆ. ಕೊಟ್ರೇಶಿಯ ಅಂಗಡಿಯ ನೀರಿನಲ್ಲಿ ದೊಡ್ಡವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ಮೊದಲ ಗುಳಿಗೆ ನುಂಗಿದಳು. "ಮಾತಾಡಲಿಲ್ಲ ನೋಡ್ರೆಪ್ಪ, ಅಬಬಬ!" ಎಂದು ಕೊಟ್ರೇಶಿ ಬೆಂಚಿನವರಿಗೆ ಸಾರಿದ.

ದೊಡ್ಡವ್ವನ ಬೆರಳು ಉಳಿಯಿತು. ಉಗುರು ಹೋಯಿತು, ಬೆರಳು ಉಳಿಯಿತು. ನಡೆಯಲು ಶುರು ಮಾಡಿದಳು. ಮೈ ತುಂಬಿಕೊಂಡಿತು, ಬಾಯಿಯೂ. ನಾನು ಮಾಗಳಕ್ಕೆ ಹೋದಾಗಲೆಲ್ಲ ಅವಳ ಗುಳಿಗೆಯ ಹಾಳೆ ಮೊದಲು ನೋಡುತ್ತಿದ್ದೆ, ಆಮೇಲೆ ಒಬ್ಬಳೇ ಮರದ ಕಡೆಗೆ ಹೋಗುತ್ತಿದ್ದೆ.

ಮರ ಒಣಗಲಿಲ್ಲ. ಸುತ್ತು ತೊಗಟೆ ಹೋದ ಮರ ಕೂಡಲೇ ಒಣಗುವುದಿಲ್ಲ. ನೀರು ಮೇಲೇರುತ್ತಲೇ ಇರುತ್ತದೆ, ಬೇರು ಇಟ್ಟುಕೊಂಡ ಗಂಟು ಕರಗುವ ತನಕ. ಅಷ್ಟೇ ಅಲ್ಲ, ಹಿಂದೆಂದೂ ಇಲ್ಲದಷ್ಟು ಹೂ ಬಿಟ್ಟಿತು. ಕೊಂಬೆ ಬಾಗುವಂತೆ ಕಾಯಿ ಕಟ್ಟಿತು. ಸಾಯುವ ಮರಗಳು ಹಾಗೆ ಮಾಡುವುದುಂಟು. ಊರವರು ಮಾತ್ರ ಕಣ್ಣರಳಿಸಿ ನೋಡಿ, "ಟೀಚರಮ್ಮ ಗುಣ ಆದ್ರು, ಮರ ಹೆಂಗ ಕುಣ್ಯಾಕ ಹತ್ತೈತಿ ನೋಡು" ಎಂದರು. ನಾನು ಕೆಳಗೆ ನಿಂತು ಆ ಹಸಿರನ್ನು ನೋಡುತ್ತಿದ್ದೆ. ತಾವು ಸತ್ತುಹೋಗಿರುವುದು ಇನ್ನೂ ಗೊತ್ತಾಗದೆ ಮನೆಯಲ್ಲಿ ಓಡಾಡಿಕೊಂಡಿರುವವರನ್ನು ನೋಡಿದ ಹಾಗೆ.

ಆಮೇಲೆ ಇನ್ನೊಂದು ಕಂಡಿತು. ಗಾಯದ ಸುತ್ತಿನ ಮೇಲಂಚಿನಲ್ಲಿ, ಹೊಕ್ಕುಳದ ಎತ್ತರಕ್ಕಿಂತ ತುಸು ಮೇಲೆ, ಕಾಂಡ ಊದತೊಡಗಿತ್ತು. ಮೊದಲು ಬೆರಳಿನಷ್ಟು ದಪ್ಪ, ಆಮೇಲೆ ತೋಳಿನಷ್ಟು. ಕೆಳಗೆ ತೊಗಟೆ ಸೊರಗಿ ಬಣಗುಟ್ಟುತ್ತಿತ್ತು; ಮೇಲೆ ಹೊಟ್ಟೆ ಬಂದಂತೆ ಉಬ್ಬು. ಅದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕಲ್ಲು ದಾಟಿ ಹೊರಗೆ ಬರುವಾಗ ಕಾಲುಗಳು ತುಸು ಅವಸರ ಮಾಡಿದವು.

ಕಳೆದ ಸಲ ಹೋದಾಗ ದೊಡ್ಡವ್ವ ನನ್ನ ಜೊತೆಗೇ ಬಂದಳು. ಕೊಟ್ರೇಶಿಯ ಬೆಂಚಿನ ಮೇಲೆ ಕೂತೆವು. ಬೆಳಗಿನ ಬಿಸಿಲು ಮರದ ಮೇಲೆ ಬೀಳುತ್ತಿತ್ತು. ಒಂದು ಕಡೆಯ ಎಲೆಗಳು ಹಳದಿಯಾಗಿದ್ದವು. ಅವಳು ಬಹಳ ಹೊತ್ತು ಆ ಊತವನ್ನೇ ನೋಡಿದಳು. ಸೀರೆಯ ಸೆರಗಿನ ಗಂಟು ಬಿಚ್ಚಿ ಬೆಳಗಿನ ಗುಳಿಗೆ ಅಂಗೈಯಲ್ಲಿ ಇಟ್ಟುಕೊಂಡಳು.

"ಮರಕ್ಕ ಏನಾಗೈತಿ?" ಎಂದಳು. "ಸಮಾಧಾನ ಹೇಳಬ್ಯಾಡ. ನೀ ಓದಿದ್ದು ಏನೈತಿ, ಅದನ್ನ ಹೇಳು."

ಏನೇನೋ ಸುತ್ತಿಬಳಸಿ ಹೇಳಬಹುದಿತ್ತು. ಆದರೆ ಓದಿದ್ದನ್ನು ಓದಿದಂತೆ ಹೇಳು ಎಂದು ಕಲಿಸಿದವಳೇ ಕೇಳುತ್ತಿದ್ದಳು. ಎಲೆಯಲ್ಲಿ ತಯಾರಾಗುವ ಆಹಾರ ಅಂದರೆ ಸಕ್ಕರೆಯೇ, ಅದು ಕೆಳಗೆ ಇಳಿಯಬೇಕು, ದಾರಿ ಕಡಿದುಹೋಗಿದೆ, ಇಳಿಯಲಾರದೆ ಗಾಯದ ಮೇಲೆ ಬಂದು ನಿಂತಿದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು.

"ಅಂದ್ರ?"

"ಅಂದ್ರ... ಮರದಾಗ ಸಕ್ಕರಿ ಕಟ್ಟೈತಿ ದೊಡ್ಡವ್ವ. ಬೇರಿಗೆ ಇಳೀವಲ್ದು, ಅದಕ್ಕ ಸಾಯಾಕ ಹತ್ತೈತಿ."

ಇದು ಶಾಸ್ತ್ರ ಒಪ್ಪುವ ಮಾತು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ನನ್ನ ಬಾಯಿಂದ ಅದು ಹೊರಗೆ ಬಂದಾಗ ಕೊಟ್ರೇಶಿ ಚಹಾ ಸೋಸುವುದು ಬಿಟ್ಟು ಮರದ ಕಡೆ ತಿರುಗಿದ.

ದೊಡ್ಡವ್ವ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಸೆರಗಿನಿಂದ ತುಟಿ ಒರೆಸಿಕೊಂಡು, ಮರದ ಕಡೆಗೇ ನೋಡುತ್ತಾ ಹೇಳಿದಳು:

"ಪಾಪ. ಅದಕ್ಕ ಗುಳಿಗಿ ಕೊಡೋರು ಯಾರು?"